ಗ್ಯಾರೇಜಿನಲ್ಲಿ ದೊರೆ

ದೊರೆ ಎಂದರೆ ಲಾಂಡ್ರಿಯವರ ಕುದುರೆ. ಹೆಸರಿಟ್ಟವಳು ಆ ಮನೆಯ ದೊಡ್ಡ ಸೊಸೆ. ಬಂದ ಮೊದಲ ದಿನವೇ ಅದು ಬಕೆಟ್ಟಿನ ನೀರನ್ನು ಮೂಸಿ, ಮುಖ ತಿರುಗಿಸಿ ನಿಂತಿತಂತೆ. "ಓಹೋ, ದೊರೆಗಳಿಗೆ ಬೆಳ್ಳಿ ಲೋಟ ಬೇಕೇನೋ!" ಎಂದು ಅವಳು ಅಂದದ್ದೇ ಹೆಸರಾಗಿ ಉಳಿಯಿತು.

ಲಾಂಡ್ರಿಯಲ್ಲಿ ಒಗೆಯುವುದು, ಹಿಂಡುವುದು, ಒಣಗಿಸುವುದು ಅಣ್ಣತಮ್ಮಂದಿರ ಪಾಲು. ಇಸ್ತ್ರಿ ದೊಡ್ಡ ಸೊಸೆಯದು. ಗಾಡಿ ಹೊಡೆಯುವುದು ಚಿಕ್ಕವಳದು. ಈ ಓರಗಿತ್ತಿಯರು ಜಗಳವಾಡದೆ ಉಂಡ ದಿನವಿಲ್ಲ. ಎಷ್ಟೇ ಜಗಳವಾಡಿದರೂ ಒಬ್ಬಳನ್ನು ಬಿಟ್ಟು ಇನ್ನೊಬ್ಬಳು ಉಂಡದ್ದೂ ಇಲ್ಲ.

ವ್ಯಾನು ತಿರುಗಲಾರದಂಥ ಓಣಿಗಳು ಅಲ್ಲಿನವು. ಲಾಡ್ಜು, ಕ್ಲಿನಿಕ್ಕು, ಕ್ಷೌರದಂಗಡಿ ಹೀಗೆ ಒಂದೊಂದು ಬಾಗಿಲಿಗೂ ಗಾಡಿ ನಿಲ್ಲುತ್ತದೆ. ಚಿಕ್ಕವಳು ಒಳಗಿನಿಂದ ಬಟ್ಟೆಯ ಗಂಟು ತಂದು ಗಾಡಿಯೊಳಗೆ ಧೊಪ್ಪನೆ ಎಸೆಯುತ್ತಾಳೆ. ಆ ಸದ್ದು ಕಿವಿಗೆ ಬಿದ್ದರೆ ಸಾಕು, ದೊರೆ ಮುಂದಿನ ಬಾಗಿಲಿಗೆ ಹೊರಡುತ್ತದೆ. ಲಗಾಮು ಎಳೆಯಬೇಕಿಲ್ಲ, ಬಾಯಿ ಬಿಡಬೇಕಿಲ್ಲ.

ಮಧ್ಯಾಹ್ನ ಗಾಡಿ ಬಿಚ್ಚುವುದು ಗ್ಯಾರೇಜಿನ ಮುಂದೆ. ಅದರ ಹಿತ್ತಲಲ್ಲಿ ನೀರಿನ ತೊಟ್ಟಿಯಿದೆ. ದೊರೆ ತಾನೇ ಒಳಗೆ ನಡೆದು, ನೀರು ಕುಡಿದು, ತಾನೇ ವಾಪಸು ಬರುತ್ತದೆ. ಗ್ಯಾರೇಜಿನ ಮೆಕ್ಯಾನಿಕ್ಕನಿಗೆ ಬೀದಿಯವರು ಇಟ್ಟ ಹೆಸರು ಗ್ರೀಸ್ ಮಾವ. ಅವನ ಗ್ಯಾರೇಜಿನ ನಡುವೆ, ನಿಂತುಕೊಂಡು ಲಾರಿಯ ಹೊಟ್ಟೆ ರಿಪೇರಿ ಮಾಡುವಂಥ ಉದ್ದನೆಯ ಗುಂಡಿ. ಕೆಲಸವಿಲ್ಲದಾಗ ಅದರ ಮೇಲೆ ಹಲಗೆ ಹಾಸಿರುತ್ತಿದ್ದ. ಅವತ್ತು ಹಲಗೆಗಳನ್ನು ಪಕ್ಕದ ಮನೆಯ ಪೇಂಟರಿಗೆ ಕೊಟ್ಟು, ಗುಂಡಿಗೆ ಕಸ ಬೀಳದಿರಲಿ ಎಂದು ಬರೀ ಟಾರ್ಪಾಲು ಎಳೆದಿದ್ದ.

ದಡಾರ್ ಎಂಬ ಸದ್ದು, ಅದರ ಹಿಂದೆಯೇ ದೊರೆಯ ಕೂಗು. ಚಿಕ್ಕವಳು ಓಡಿ ಬಂದು ನೋಡಿದರೆ ದೊರೆಯ ಕತ್ತು ಮಾತ್ರ ನೆಲದ ಮೇಲೆ. ಮೈಯೆಲ್ಲ ಗುಂಡಿಯೊಳಗೆ, ಎರಡೂ ಕಡೆ ಗೋಡೆಗೆ ಒತ್ತಿಕೊಂಡು. ತಿರುಗಲು ಜಾಗವಿಲ್ಲ. ಎದುರಿಗೆ ಗುಂಡಿ ಉದ್ದಕ್ಕೆ ಖಾಲಿಯೇ, ಆದರೆ ತುದಿಯಲ್ಲಿ ಇದ್ದದ್ದು ಮನುಷ್ಯರು ಇಳಿಯುವ ಕಡಿದಾದ ಮೆಟ್ಟಿಲು.

"ಅಯ್ಯೋ ನನ್ನ ದೊರೆ! ಮಾವ, ಹಲಗೆ ಎಲ್ರೀ?"

"ನಿನ್ನ ಕುದುರೆ ದಿನಾ ಒಬ್ಬನೇ ಬರೋದು ನನಗೆ ನೆನಪಾಗಲಿಲ್ಲ ಕಣಮ್ಮ," ಎಂದ ಗ್ರೀಸ್ ಮಾವ.

ಅಗ್ನಿಶಾಮಕದವರು ಬಂದರು, ಪಶುವೈದ್ಯೆ ಬಂದರು. ಸುದ್ದಿ ಕೇಳಿ ದೊಡ್ಡವಳೂ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ ಬಂದಳು. ಡಾಕ್ಟರಮ್ಮ ಗುಂಡಿಯ ಅಂಚಿನಲ್ಲಿ ಬೋರಲು ಮಲಗಿ, ಕೈಯಿಳಿಸಿ ಕುದುರೆಯ ಎದೆ, ಬೆನ್ನು ಸವರಿ, ಟಾರ್ಚು ಬಿಟ್ಟು ಕಾಲುಗಳನ್ನೆಲ್ಲ ನೋಡಿದರು. "ಮೂಳೆ ಮುರಿದಿಲ್ಲ. ಹಿಂಗಾಲಿನ ಚರ್ಮ ಸುಲಿದಿದೆ. ಆದರೆ ಹೀಗೇ ಒದ್ದಾಡ್ತಿದ್ದರೆ ಮುರ್ಕೊಳ್ಳುತ್ತೆ. ಬೇಗ ಎತ್ತಬೇಕು."

ಅಗ್ನಿಶಾಮಕದ ಹಿರಿಯರು ಮಾಡಿನ ತೊಲೆಗೆ ತೂಗುಹಾಕಿದ್ದ ಸರಪಳಿ ರಾಟೆ ತೋರಿಸಿದರು. "ಇದರಲ್ಲೇ ಎತ್ತೋಣ."

"ಬೇಡಿ ಸಾರ್," ಎಂದ ಗ್ರೀಸ್ ಮಾವ. "ಕಾರಿನ ಎಂಜಿನ್ ಎತ್ತಿದಾಗಲೇ ಆ ತೊಲೆ ನನ್ನ ಬೆನ್ನಿನ ಥರ ಬಗ್ಗುತ್ತೆ. ಕುದುರೆ ಜೊತೆ ಮಾಡೂ ಗುಂಡಿಗೆ ಬರುತ್ತೆ."

"ಹಂಗಾದ್ರೆ ಮುಂದುಗಡೆ ತುಂಬಿಸಿ ಇಳಿಜಾರು ಮಾಡಬೇಕು. ಏನಿದೆ ಇಲ್ಲಿ?"

"ಟೈರಿದೆ."

"ಟೈರು ಬೇಡ," ಎಂದರು ಡಾಕ್ಟರಮ್ಮ. "ಗೊರಸು ಸಿಕ್ಕಿಹಾಕ್ಕೊಳ್ಳುತ್ತೆ. ಗಟ್ಟಿಯಾಗಿ, ಸಂದಿಯಿಲ್ಲದೆ ಕೂರೋ ಸಾಮಾನು ಬೇಕು."

ಎಲ್ಲರೂ ಆಚೆ ಈಚೆ ನೋಡಿದರು. ಚಿಕ್ಕವಳ ಕಣ್ಣು ಬಾಗಿಲಲ್ಲಿ ನಿಂತ ಗಾಡಿಯ ಮೇಲೆ ಹೋಗಿ, ತಕ್ಷಣ ಓರಗಿತ್ತಿಯ ಮುಖಕ್ಕೆ ಬಂದು, ನೆಲಕ್ಕಿಳಿಯಿತು. ಗಾಡಿಯಲ್ಲಿದ್ದದ್ದು ಲಾಡ್ಜಿಗೆ ಕೊಡಬೇಕಾದ ಹಾಸಿಗೆ ಬಟ್ಟೆ. ಒಗೆದು, ಇಸ್ತ್ರಿ ಮಾಡಿ, ಬಿಗಿದು ಕಟ್ಟಿದ ಗಂಟುಗಳು. ಕೈ ತೊಳೆಯದೆ ಅದರ ದಾರ ಮುಟ್ಟಿದರೂ ದೊಡ್ಡವಳು ಮನೆ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದಳು.

"ಏನೇ ನೋಡ್ತೀಯ?" ಎಂದು ದೊಡ್ಡವಳು ಗದರಿದಳು. "ಬಾಯಿಬಿಟ್ಟು ಕೇಳೋಕೂ ಬರಲ್ವಾ? ಇಳಿಸು ಎಲ್ಲ. ಬಟ್ಟೆ ಇನ್ನೊಂದು ಸಲ ಒಗೆದ್ರೆ ಆಯ್ತು, ಕುದುರೆ ಒಗೆಯೋಕಾಗುತ್ತಾ?"

ಮೊದಲ ಗಂಟು ಗುಂಡಿಗೆ ಬಿತ್ತು. ಧೊಪ್! ಅದೇ ಕ್ಷಣ ದೊರೆ ಮೈಯೆಲ್ಲ ಬಿಗಿಹಿಡಿದು ಮುಂದಕ್ಕೆ ನುಗ್ಗಿತು. ಮಂಡಿ ಗೋಡೆಗೆ ಬಡಿಯಿತು. ಎರಡನೆಯ ಗಂಟು ಬಿದ್ದಾಗಲೂ ಹಾಗೇ ಆಯಿತು.

"ಹೆದರ್ಕೊಂಡಿದೆ, ನಿಲ್ಲಿಸಿ!" ಎಂದರು ಹಿರಿಯರು.

"ಹೆದರಿಕೆ ಅಲ್ಲ ಸಾರ್!" ಚಿಕ್ಕವಳಿಗೆ ಆಗ ಹೊಳೆಯಿತು. "ಗಂಟು ಬಿತ್ತಲ್ಲ, ಹೊರಡು ಅಂತ ಅರ್ಥ ಮಾಡ್ಕೊಂಡಿದಾನೆ. ಪಾಪ, ಇಂಥ ಹೊತ್ತಲ್ಲೂ ಡ್ಯೂಟಿ! ಯಾರೂ ಎಸೀಬೇಡಿ, ಸದ್ದಾಗದ ಹಾಗೆ ಇಡಿ."

ಸಾಲು ನಿಂತರು. ಗಾಡಿಯ ಹತ್ತಿರ ದೊಡ್ಡವಳು, ಮಧ್ಯೆ ಬೀದಿಯವರು, ಗುಂಡಿಯೊಳಗೆ ಅಗ್ನಿಶಾಮಕದವರು. ಮಲಗಿದ ಕೂಸನ್ನು ಕೈಯಿಂದ ಕೈಗೆ ದಾಟಿಸುವಂತೆ ಗಂಟುಗಳು ಹೋದವು. ಚಿಕ್ಕವಳು ಮಾತ್ರ ದೊರೆಯ ಕೆನ್ನೆಗೆ ತನ್ನ ಕೆನ್ನೆ ಒತ್ತಿ, ಬಾಯಿಗೆ ಬಂದದ್ದೆಲ್ಲ ಮಾತಾಡುತ್ತಲೇ ಇದ್ದಳು. ಗಂಟುಗಳ ಮೇಲೆ ಪೇಂಟರು ತಂದುಕೊಟ್ಟ ಹಲಗೆ ಹಾಸಿದರು. ಅಗ್ನಿಶಾಮಕದವರು ತಮ್ಮ ನೀರಿಲ್ಲದ ಚಪ್ಪಟೆ ಪೈಪನ್ನು ಕುದುರೆಯ ಹಿಂಭಾಗಕ್ಕೆ ಸುತ್ತಿ, ಎರಡೂ ತುದಿ ಹಿಡಿದು ಆಚೆ ಈಚೆ ನಿಂತರು. ಡಾಕ್ಟರಮ್ಮ ನೋವಿಗೊಂದು ಸೂಜಿ ಚುಚ್ಚಿದರು.

"ಈಗ ಹೊರಡಿಸಿ," ಎಂದರು.

"ಅಕ್ಕಾ," ಎಂದಳು ಚಿಕ್ಕವಳು, "ಒಂದು ಎಸೀರಿ!"

ದೊಡ್ಡವಳು ಉಳಿದಿದ್ದ ಒಂದೇ ಗಂಟನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಖಾಲಿ ಗಾಡಿಯೊಳಗೆ ಒಗೆದಳು. ಧೊಪ್! ದೊರೆ ಕಿವಿ ನಿಗುರಿಸಿತು, ಹಲಗೆಯ ಮೇಲೆ ಒಂದು ಕಾಲಿಟ್ಟಿತು, ಇನ್ನೊಂದಿಟ್ಟಿತು. ಎರಡೂ ಬದಿಯಿಂದ ಪೈಪನ್ನು ಮುಂದಕ್ಕೆ ಎಳೆದವರು ಹೋ ಎಂದರು. ಹಿಂಗಾಲು ಜಾರಿತು, ಮತ್ತೆ ಊರಿತು. ಕೊನೆಗೆ ಏದುಸಿರು ಬಿಡುತ್ತ ಮೇಲೆ ಬಂದ ದೊರೆ, ಮುಂದಿನ ಬಾಗಿಲು ಎಲ್ಲಿ ಎನ್ನುವ ಹಾಗೆ ಸುತ್ತ ನೋಡಿತು. ಚಿಕ್ಕವಳು ಅಳುತ್ತ ನಗುತ್ತ ಅದರ ಕತ್ತಿಗೆ ಜೋತುಬಿದ್ದಳು.

ಆದರೆ ಕೆಲಸ ಮುಗಿದಿರಲಿಲ್ಲ. ಆ ಕಾಲಿಟ್ಟುಕೊಂಡು ಏರುದಾರಿಯಲ್ಲಿ ಮನೆಗೆ ನಡೆಸುವ ಹಾಗಿಲ್ಲ ಎಂದರು ಡಾಕ್ಟರಮ್ಮ. "ನನ್ನ ಗ್ಯಾರೇಜಿನಲ್ಲೇ ಇರಲಿ," ಎಂದ ಗ್ರೀಸ್ ಮಾವ, ಯಾರೂ ಕೇಳುವ ಮೊದಲೇ. ಮೂಲೆಯಲ್ಲಿ ದಪ್ಪಗೆ ಹುಲ್ಲು ಹಾಸಿದರು. ದಿನಕ್ಕೆರಡು ಸಲ ಕಾಲಿಗೆ ತಣ್ಣೀರು ಬಿಡುವುದು, ಮುಲಾಮು, ಪಟ್ಟಿ, ನೆನೆಸಿದ ಬೂಸಾ. ಅಣ್ಣತಮ್ಮಂದಿರು ತಾವೇ ಗಾಡಿ ಎಳೆದುಕೊಂಡು ಓಣಿ ಸುತ್ತಿದರು. ಗ್ರೀಸ್ ಮಾವ ಸ್ಕೂಟರುಗಳನ್ನು ಬೀದಿಯಲ್ಲಿಟ್ಟುಕೊಂಡು ಬಿಚ್ಚತೊಡಗಿದ. "ಗಿರಾಕಿಗಳೆಲ್ಲ ಗಾಡಿ ಬಿಟ್ಟು ಕುದುರೆಯನ್ನೇ ವಿಚಾರಿಸ್ತಾರೆ," ಎಂದು ಗೊಣಗುತ್ತ, ತನ್ನ ಪಾಲಿನ ಬಾಳೆಹಣ್ಣನ್ನು ಅದಕ್ಕೇ ತಿನ್ನಿಸುತ್ತಿದ್ದ.

ಊತ ಇಳಿಯಿತು. ಆದರೂ ದೊರೆ ಕುಗ್ಗುತ್ತ ಬಂತು. ಕಣ್ಣು ಮುಚ್ಚಿ ತೂಕಡಿಸುವುದು, ಮುಂಗಾಲು ಮಡಿಸಿ ಮುಗ್ಗರಿಸುವುದು, ಬೆಚ್ಚಿ ಎದ್ದು ನಿಲ್ಲುವುದು.

"ಮಲಗ್ತಿಲ್ವಾ?" ಎಂದು ಕೇಳಿದರು ಡಾಕ್ಟರಮ್ಮ.

"ಬಿದ್ದಾಗಿನಿಂದ ಒಂದ್ಸಲಾನೂ ಮಲಗಿಲ್ಲ," ಎಂದಳು ಚಿಕ್ಕವಳು. "ಕುದುರೆ ನಿಂತೇ ನಿದ್ದೆ ಮಾಡುತ್ತಲ್ವಾ?"

"ಅದು ಬರೀ ಜೊಂಪು. ಗಾಢ ನಿದ್ದೆಗೆ ಮೈ ಚಾಚಲೇಬೇಕು. ಹೀಗೇ ಆದ್ರೆ ಒಂದಿನ ನಿದ್ದೆಗಣ್ಣಲ್ಲಿ ಕುಸಿದುಬೀಳುತ್ತೆ. ಈ ಕಾಲಲ್ಲಿ ಬಿದ್ದರೆ ಮತ್ತೆ ಏಳಿಸೋದು ನನ್ನ ಕೈಲಿಲ್ಲಮ್ಮ."

ಗುಂಡಿ ಕಣ್ಣಿಗೆ ಬೀಳುತ್ತಿರಬೇಕು ಎಂದು ಗ್ರೀಸ್ ಮಾವ ಕೆಟ್ಟು ನಿಂತಿದ್ದ ಲಾರಿಯೊಂದನ್ನು ಅದರ ಮೇಲೆ ತಳ್ಳಿಸಿದ. ಏನೂ ಆಗಲಿಲ್ಲ. ಚಿಕ್ಕವಳು ಮಂಚ ತಂದು ಪಕ್ಕದಲ್ಲೇ ಮಲಗತೊಡಗಿದಳು. ಆಗಲೂ ಇಲ್ಲ.

"ಗುಂಪಿನಲ್ಲಿದ್ದರೆ ಒಂದು ಕುದುರೆ ನಿಂತು ಕಾಯುತ್ತೆ, ಉಳಿದವು ಮಲಗ್ತವೆ," ಎಂದರು ಡಾಕ್ಟರಮ್ಮ ಮತ್ತೊಂದು ಸಲ ಬಂದಾಗ. "ಪಾಪ, ಇದಕ್ಕೆ ಯಾರಿದಾರೆ?"

"ನಾನಿದೀನಲ್ಲ!"

"ನೀನು ಮಲಗಿ ಗೊರಕೆ ಹೊಡೀತೀಯ," ಎಂದಳು ದೊಡ್ಡವಳು. "ಕಾವಲಿನವಳೇ ಗೊರಕೆ ಹೊಡೆದ್ರೆ ದೊರೆಗಳು ಯಾವ ಧೈರ್ಯದ ಮೇಲೆ ಮಲಗಬೇಕು? ನಿಂತು ಕಾಯೋರು ಬೇಕು ಅಂತ ಅವರು ಹೇಳ್ತಿರೋದು."

"ದಿನವೆಲ್ಲ ಯಾರು ನಿಲ್ತಾರಕ್ಕ?"

"ನಾನು ಮತ್ತೇನು ಮಾಡ್ತೀನಿ ದಿನವೆಲ್ಲ?"

ಮಾರನೆಯ ಬೆಳಗ್ಗೆ ಇಸ್ತ್ರಿ ಮೇಜು ಗ್ಯಾರೇಜಿಗೆ ಬಂತು. "ಒಂದು ಹನಿ ಎಣ್ಣೆ ನನ್ನ ಬಟ್ಟೆ ಕಡೆ ಹಾರಲಿ, ಆಮೇಲೆ ನೋಡ್ಕೊಳ್ತೀನಿ," ಎಂದು ಗ್ರೀಸ್ ಮಾವನಿಗೆ ಎಚ್ಚರಿಕೆ ಕೊಟ್ಟು, ದೊಡ್ಡವಳು ದೊರೆಯ ಎದುರಿಗೆ ನಿಂತು ಕೆಲಸ ಶುರುಮಾಡಿದಳು. ದೊರೆ ಅವಳನ್ನೇ ನೋಡುತ್ತಿತ್ತು. ಅವಳು ಅದನ್ನು ನೋಡಲಿಲ್ಲ. ಬಟ್ಟೆ ಹಾಸುವುದು, ನೀರು ಚಿಮುಕಿಸುವುದು, ತೀಡುವುದು, ಮಡಿಸುವುದು. ಆ ದಿನವೂ ದೊರೆ ಮಲಗಲಿಲ್ಲ. ಅದರ ಮಾರನೆಯ ದಿನ ದೊಡ್ಡವಳು ಮತ್ತೆ ಬಂದಳು.

ಆ ಮಧ್ಯಾಹ್ನ ಗ್ರೀಸ್ ಮಾವ ಊಟ ಮುಗಿಸಿ ಬಂದವನು ಬಾಗಿಲಲ್ಲೇ ಕುಸಿದು ಕೂತ. ಹುಲ್ಲಿನ ಮೇಲೆ ದೊರೆ ಪಕ್ಕಕ್ಕೆ ಬಿದ್ದಿತ್ತು, ನಾಲ್ಕೂ ಕಾಲು ಚಾಚಿಕೊಂಡು.

"ಹೋಯ್ತಲ್ಲಮ್ಮಾ! ನನ್ನಿಂದಲೇ ಹೋಯ್ತಲ್ಲ!"

"ಬಾಯಿ ಮುಚ್ಚಿ," ಎಂದು ದೊಡ್ಡವಳು ಪಿಸುಗುಟ್ಟಿದಳು. "ಮಲಗಿದಾರೆ."

ಆಗ ಅವನಿಗೂ ಕೇಳಿಸಿತು. ಹಳೆಯ ಡೀಸೆಲ್ ಎಂಜಿನ್ನಿನಂಥ ನಿಧಾನದ ಗೊರಕೆ. ಪಟ್ಟಿ ಕಟ್ಟಿದ ಕಾಲು ಕನಸಿನಲ್ಲೇ ಎಲ್ಲಿಗೋ ಹೊರಟಂತೆ ಸಣ್ಣಗೆ ಅಲುಗಿತು.

ಬೂಸಾ ಹಿಡಿದು ಬಂದ ಚಿಕ್ಕವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಆಮೇಲೆ ಬೂಸಾ ಕೆಳಗಿಟ್ಟು, ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಮೇಜಿನ ಹತ್ತಿರ ಬಂದಳು. "ಕಾಲು ನೋಯ್ತಿರುತ್ತೆ. ಕೊಡಿ ಅಕ್ಕ, ಸ್ವಲ್ಪ ಹೊತ್ತು ನಾನು ನಿಲ್ತೀನಿ."

"ಅಂಚು ಸುಟ್ಟೀಯ, ಹುಷಾರು," ಎನ್ನುತ್ತ ದೊಡ್ಡವಳು ಇಸ್ತ್ರಿಪೆಟ್ಟಿಗೆ ಕೊಟ್ಟಳು. ಆದರೆ ಕೂರಲಿಲ್ಲ. ಮಡಿಸಿದ ಬಟ್ಟೆಗಳನ್ನು ಸುಮ್ಮನೆ ಮತ್ತೆ ಮಡಿಸುತ್ತ ಪಕ್ಕದಲ್ಲೇ ನಿಂತಳು. ಅವರಿಬ್ಬರನ್ನು ನೋಡಿ, ನೆಲದ ಮೇಲೆ ಕೂತಿದ್ದ ಗ್ರೀಸ್ ಮಾವನೂ ಗೋಡೆ ಹಿಡಿದು ಮೆಲ್ಲಗೆ ಎದ್ದು ನಿಂತ.