ಇಪ್ಪತ್ತಾರು ಹುಡುಗರ ಬನಿಯನ್

ಅಮೆರಿಕದ ಇಪ್ಪತ್ತೇಳು ಹುಡುಗರ ಎದೆಯಳತೆ ನನಗೆ ಗೊತ್ತಿತ್ತು. ಒಬ್ಬನ ಹೆಸರೂ ಗೊತ್ತಿರಲಿಲ್ಲ.

ಆಗ ನಾನು ತಿರುಪ್ಪೂರಿನಲ್ಲಿ ರಂಗಸಾಮಿಯ ಬನಿಯನ್ ಕಂಪೆನಿಯ ಚೆಕಿಂಗ್ ಟೇಬಲಿನಲ್ಲಿ ಕೂರುತ್ತಿದ್ದೆ. ಎಂಬತ್ತಾರನೇ ಇಸವಿ. ಹೊಲಿದು ಬಂದ ಬನಿಯನ್ನುಗಳನ್ನು ಬೆಳಕಿಗೆ ಹಿಡಿದು ತೂತು, ಎಣ್ಣೆ ಕಲೆ, ಬಿಟ್ಟುಹೋದ ಹೊಲಿಗೆ ಹುಡುಕುವುದು ನನ್ನ ಕೆಲಸ. ನನ್ನ ಕಣ್ಣಿಗೆ ಇಡೀ ತಿರುಪ್ಪೂರು ಹೆದರುತ್ತಿತ್ತು. ಬಿಳೀ ಬಟ್ಟೆಯ ಮೇಲೆ ಇರುವೆ ನಡೆದುಹೋಗಿದ್ದರೆ, ಅದು ಗಂಡು ಇರುವೆಯೋ ಹೆಣ್ಣು ಇರುವೆಯೋ ಎಂದು ಹೇಳುತ್ತಿದ್ದೆ. ಚೆಕ್ ಮಾಡಿದವರು ತಮ್ಮ ನಂಬರಿನ ಚೀಟಿಯನ್ನು ಚೀಲದೊಳಗೆ ಹಾಕಬೇಕು. ನನ್ನದು ಆರನೇ ನಂಬರು. ಆರು ಎಂದಿದ್ದರೆ ತಪಾಸಣೆಗೆ ಬರುವ ಸಾಹೇಬರು ಆ ಚೀಲವನ್ನು ಬಿಚ್ಚುತ್ತಲೇ ಇರಲಿಲ್ಲ ಎಂದು ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಕಂಪೆನಿಯಲ್ಲಿ ಎಲ್ಲರಿಗೂ ನಾನು ಆತಾ, ಅಂದರೆ ಅಜ್ಜಿ. ಪಕ್ಕದಲ್ಲಿ ಕೂರುತ್ತಿದ್ದ ಪಾಪಾತಿಗೆ ಮಾತ್ರ ರಾಮಾತಾಳಕ್ಕ. ಅವಳು ಪಲ್ಲಡದಲ್ಲಿ ನಮ್ಮ ಪಕ್ಕದ ಮನೆಯವಳು. ಒಂದೇ ಬಸ್ಸಿನಲ್ಲಿ ಬಂದು ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು.

ಆವಣಿ ತಿಂಗಳಲ್ಲಿ, ಗಣೇಶನ ಹಬ್ಬದ ಹೊತ್ತಿಗೆ, ಜಯರಾಮನ್ ಒಂದು ಫೋಟೋ ತಂದು ಗೋಡೆಗೆ ಅಂಟಿಸಿದ. ಕಂಪೆನಿಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ಅವನೊಬ್ಬನಿಗೇ. ಫೋಟೋದಲ್ಲಿ ಹುಡುಗರೆಲ್ಲ ಒಂದೊಂದು ಬೀರುವಿನಷ್ಟು ಅಗಲ ಇದ್ದರು. ತಲೆಗೆ ಬುಟ್ಟಿ ಕವಿಚಿಕೊಂಡು, ಕೈಯಲ್ಲಿ ಬಾಗಿದ ಕೋಲು ಹಿಡಿದು, ಕಾಲಿಗೆ ಕತ್ತಿ ಕಟ್ಟಿಕೊಂಡು ನಿಂತಿದ್ದರು.

"ಇದೇನ್ ಸಾಮಿ, ದರೋಡೆಗೆ ಹೊಂಟವ್ರಾ?" ಎಂದೆ.

"ಕಾಲೇಜ್ ಹುಡುಗ್ರು ಆತಾ. ಐಸ್ ಮೇಲೆ ಹಾಕಿ ಆಟ ಆಡ್ತಾರೆ."

"ಐಸ್ ಮೇಲಾ?" ಪಾಪಾತಿ ಬಾಯಿ ಬಿಟ್ಟಳು. "ಜಾರಿ ಬೀಳಲ್ವಾ?"

"ಬೀಳ್ತಾರೆ. ಎದ್ದು ಮತ್ತೆ ಆಡ್ತಾರೆ. ದೀಪಾವಳಿ ಐಪ್ಪಸಿ ತಿಂಗ್ಳಲ್ಲಿ ಸುರುವಾದ್ರೆ ಬೇಸ್ಗೆ ಪಂಗುನಿವರ್ಗೂ ಆಟ. ವಾರವಾರ ಶುಕ್ರವಾರ ಒಂದು, ಶನಿವಾರ ಒಂದು."

ಆ ಕಾಲೇಜಿಗೆ ಬಟ್ಟೆ ಮಾರುವ ದೊರೆಯೊಬ್ಬನಿದ್ದನಂತೆ. ಆಟ ನೋಡುವವರಿಗೆಂದು ಐದು ಸಾವಿರ ಬನಿಯನ್ ಕೇಳಿದ್ದ. ಆಡುವ ಹುಡುಗರಿಗೆ ಮಾತ್ರ ಆತ ಪುಕ್ಕಟೆ ಕೊಡುತ್ತಿದ್ದ. ಅವರು ಮೈಗೆ ಕಟ್ಟುವ ದಿಂಬುಗಳ ಒಳಗೆ ಹಾಕಿಕೊಳ್ಳಲು ತುಂಬುತೋಳಿನ ಬಿಳೀ ಬನಿಯನ್, ಇಪ್ಪತ್ತೇಳು ಜನಕ್ಕೆ ತಲಾ ಹನ್ನೆರಡು. ಒಗೆಯಲು ಹಾಕಿದಾಗ ಅದಲುಬದಲಾಗದಂತೆ ಪ್ರತಿಯೊಂದರ ಅಂಚಿನಲ್ಲೂ ಹುಡುಗನ ನಂಬರು ಒತ್ತಬೇಕಿತ್ತು. ಆ ರಾಶಿಯನ್ನು ನಮ್ಮ ಮೊದಲಾಳಿ, ಅಂದರೆ ಮಾಲೀಕ ರಂಗಸಾಮಿ, ಬೇರೆ ಯಾರಿಗೂ ಕೊಡದೆ ನನಗೇ ಕೊಟ್ಟ.

ಆಟ ಶುರುವಾಯಿತು. ದೊರೆಗೆ ಆಟದ ಹುಚ್ಚು. ಟೆಲೆಕ್ಸಿನಲ್ಲಿ ಬಟ್ಟೆಯ ವಿಚಾರ ಎರಡು ಸಾಲು, ಆಟದ ವಿಚಾರ ಹತ್ತು ಸಾಲು. ಜಯರಾಮನ್ ಅದನ್ನು ಊಟದ ಹೊತ್ತಿನಲ್ಲಿ ಓದಿ ಹೇಳುತ್ತಿದ್ದ. ಇಪ್ಪತ್ತಿಪ್ಪತ್ತು ನಿಮಿಷದಂತೆ ಮೂರು ಸಲ ಆಡಬೇಕು. ಐಸಿನ ಮೇಲೆ ಒಂದು ಸಲಕ್ಕೆ ಆರೇ ಜನ. ಮೂವತ್ತನೇ ನಂಬರಿನವನು ಬಾಗಿಲು ಕಾಯುತ್ತಾನೆ, ಹದಿನಾಲ್ಕನೆಯವನು ಚೆಂಡನ್ನು ಒಳಗೆ ಹೊಡೆಯುತ್ತಾನೆ. ಚೆಂಡು ಉರುಟಲ್ಲ, ಬಜ್ಜಿಯಂತೆ ಚಪ್ಪಟೆ. ಕಾರ್ತಿಕ ಮುಗಿಯುವಷ್ಟರಲ್ಲಿ ಒಂಬತ್ತು ಗೆದ್ದು ಎರಡು ಸೋತಿದ್ದರು.

"ಗೆಲ್ದೆ ಏನು? ಬನಿಯನ್ ಚೆಕ್ ಮಾಡ್ದೋಳು ಯಾರು?" ಎಂದು ನಾನು ಹೇಳಿದರೆ ಟೇಬಲೆಲ್ಲ ನಗುತ್ತಿತ್ತು.

ನಾನು ನಗುತ್ತಿರಲಿಲ್ಲ. ನಗಿಸುವುದಷ್ಟೇ ಬರುತ್ತಿತ್ತು. ಅದಕ್ಕೂ ಎರಡು ವರ್ಷ ಮುಂಚೆ ನನ್ನ ಮಗ ಲಿಂಗಪ್ಪನ್ ಸತ್ತಿದ್ದ.

ಗಂಡ ಹೋದದ್ದು ಹಳೆಯ ಕಥೆ. ಆಗ ಲಿಂಗಪ್ಪನ್‌ಗೆ ಎರಡು ವರ್ಷ. ನಮ್ಮಲ್ಲಿ ಹೊಸ ಬಟ್ಟೆ ಹಾಕುವ ಮುಂಚೆ ಮೂಲೆಗೊಂದು ಚುಕ್ಕೆ ಅರಿಶಿನ ಇಡಬೇಕು. ಗಂಡ ಸತ್ತವಳು ಇಡಬಾರದು. ಅಡುಗೆಯ ಸಾರಿಗೆ ಹಾಕಬಹುದಂತೆ, ಬಟ್ಟೆಗೆ ಹಚ್ಚಬಾರದಂತೆ. ಹಾಗಾಗಿ ಪ್ರತಿ ದೀಪಾವಳಿಗೂ ಮಗನ ಅಂಗಿಯನ್ನು ಪಾಪಾತಿಯ ಮನೆಗೆ ಒಯ್ದು ಅವಳ ಕೈಯಲ್ಲಿ ಅರಿಶಿನ ಇಡಿಸುತ್ತಿದ್ದೆ. ಅವನು ಸತ್ತ ವರ್ಷದ ದೀಪಾವಳಿಗೆ ಪಾಪಾತಿ ತವರಿಗೆಂದು ಕುನ್ನತ್ತೂರಿಗೆ ಹೋಗಿದ್ದಳು. ಲಿಂಗಪ್ಪನ್, "ಬಿಡಮ್ಮಾ, ಅರಿಶಿನ ಇಲ್ದಿದ್ರೆ ಅಂಗಿ ಕಚ್ತದಾ?" ಎಂದು ಹಾಗೇ ಹಾಕಿಕೊಂಡ. ನಾಲ್ಕನೇ ದಿನ ಅದೇ ಅಂಗಿಯಲ್ಲಿ ಕೆಲಸಕ್ಕೆ ಸೈಕಲ್ ಹತ್ತಿ ಹೋದವನನ್ನು ಪಲ್ಲಡದ ರಸ್ತೆಯಲ್ಲಿ ಲಾರಿ ಹೊಡೆಯಿತು. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಅಂಗಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ನಾನು ಬಿಚ್ಚಿ ಮೊದಲು ನೋಡಿದ್ದು ಕಾಲರಿನ ಮೂಲೆ. ಅದೊಂದು ಜಾಗ ಬೆಳ್ಳಗೇ ಇತ್ತು.

ಅಳು ಬರಲಿಲ್ಲ. ಹದಿನೈದನೇ ದಿನ ಕೆಲಸಕ್ಕೆ ಬಂದು ಕೂತೆ. ಹಸಿಮೆಣಸಿನಕಾಯಿ ಕಚ್ಚಿದರೆ ಖಾರ ಗೊತ್ತಾಗುತ್ತಿರಲಿಲ್ಲ. ಬ್ಲೀಚ್ ವಾಸನೆಗೆ ಎಲ್ಲರೂ ಕೆಮ್ಮುತ್ತಿದ್ದರೆ ನಾನು ಸುಮ್ಮನೆ ಕೂತಿರುತ್ತಿದ್ದೆ. ಬಾಯಿ ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು.

ಮಾರ್ಗಳಿಯ ಕೊನೆಯಲ್ಲಿ, ಪೊಂಗಲ್‌ಗೆ ಮುಂಚೆ, ಅದೇ ಹುಡುಗರಿಗೆ ಮತ್ತೆ ತಲಾ ಹನ್ನೆರಡರ ಎರಡನೇ ರಾಶಿಯ ಕೆಲಸ ನಡೆದಿದ್ದಾಗ ಜಯರಾಮನ್ ಟೆಲೆಕ್ಸ್ ಹಿಡಿದು ಬಂದ. ಎಂದಿನಂತೆ ಓದಲಿಲ್ಲ.

"ಹದಿನಾಲ್ಕು ಬೇಡ್ವಂತೆ," ಎಂದ. "ಆ ಹುಡುಗ ಹೋಗ್ಬುಟ್ಟ. ರಜಕ್ಕೆ ಊರಿಗೆ ಹೋಗ್ತಾ ಐಸ್ ಮೇಲೆ ಕಾರು ಜಾರಿ ಮರಕ್ಕೆ ಹೊಡೀತಂತೆ."

ಪಾಪಾತಿ ಕತ್ತರಿ ಕೆಳಗಿಟ್ಟಳು.

"ಆಟ ನಿಲ್ಸವ್ರಾ?" ಎಂದು ನಾನು ಕೇಳಿದೆ.

"ಇಲ್ಲ ಆತಾ. ಅವ್ನ ನಂಬರ್ ಹಾಕ್ಕೊಂಡೇ ಮಿಕ್ಕ ಆಟ ಎಲ್ಲ ಆಡ್ತಾರಂತೆ. ಇಪ್ಪತ್ತಾರು ಜನದ ಬನಿಯನ್‌ಗೂ ಎದೆಯ ಎಡಗಡೆ ಚಿಕ್ಕದಾಗಿ ಹದಿನಾಲ್ಕು ಅಂತ ಹಾಕ್ಬೇಕು. ಕರೀ ಬಣ್ಣದಲ್ಲಿ."

ಅಷ್ಟರಲ್ಲಿ ಹದಿನಾಲ್ಕರ ಹನ್ನೆರಡು ಬನಿಯನ್ ಹೊಲಿದಾಗಿತ್ತು. ಅವನ್ನು ಕತ್ತರಿಸಿ ಮಿಷನ್ ಒರೆಸಲು ಕೊಟ್ಟರು.

ಮಿಕ್ಕ ಮುನ್ನೂರ ಹನ್ನೆರಡು ಶುಕ್ರವಾರ ಬೆಳಗ್ಗೆ ನನ್ನ ಮುಂದೆ ಬಂದವು. ಎಳೆಯ ಹುಡುಗರ ಹೊಸ ಬಟ್ಟೆ. ಎದೆಯ ಮೇಲೆ ಕರೀ ಬಣ್ಣದಲ್ಲಿ ಸತ್ತವನ ನಂಬರು. ಮೂಲೆಯಲ್ಲಿ ಏನೂ ಇಲ್ಲ. ಅದನ್ನು ಹಾಕಿಕೊಂಡು ಅವರು ಐಸಿನ ಮೇಲೆ ಹೋಗಬೇಕು, ಇನ್ನೂ ಮೂರು ತಿಂಗಳು.

ಶುಕ್ರವಾರವಾದ್ದರಿಂದ ಮಿಷನ್‌ಗಳಿಗೆಲ್ಲ ಪೂಜೆಯಾಗಿತ್ತು. ತಟ್ಟೆಯಲ್ಲಿ ಕಲಸಿದ ಅರಿಶಿನ ಮಿಕ್ಕಿತ್ತು. ಎದ್ದು ಹೋಗಿ ತಟ್ಟೆ ತಂದು ಮಡಿಲಲ್ಲಿಟ್ಟುಕೊಂಡೆ. ಮೊದಲ ಬನಿಯನ್ ಬೆಳಕಿಗೆ ಹಿಡಿದೆ. ತೂತಿಲ್ಲ, ಎಣ್ಣೆಯಿಲ್ಲ. ಅಂಚನ್ನು ಒಳಮಗ್ಗುಲಿಗೆ ತಿರುಗಿಸಿ ಉಗುರಿನ ತುದಿಯಿಂದ ಸಾಸಿವೆಯಷ್ಟು ಅರಿಶಿನ ಇಟ್ಟೆ. ಮಡಿಸಿ ಚೀಲಕ್ಕೆ ಹಾಕಿ ಆರನೇ ನಂಬರಿನ ಚೀಟಿ ಇಟ್ಟೆ.

ಪಾಪಾತಿ ನೋಡಿದಳು. "ಅಕ್ಕಾ! ಏನ್ ಮಾಡ್ತಿದ್ದೀಯ? ಕಲೆ ಹುಡ್ಕೋಳು ನೀನೇ ಕಲೆ ಹಾಕ್ತೀಯಾ?"

"ನೀನ್ ನೂಲ್ ಕತ್ತರ್ಸು ಅಮ್ಮಿಣಿ."

"ಸಿಕ್ಕಾಕ್ಕೊಂಡ್ರೆ ಮೊದಲಾಳಿ ನಿನ್ನ ಇವತ್ತೇ ಕಳಿಸ್ಬುಡ್ತಾರೆ. ಮನೇಲಿ ನಿಂಗೆ ಯಾರವ್ರೆ ಹೇಳು?" ಅವಳು ಆಚೀಚೆ ನೋಡಿ ದನಿ ತಗ್ಗಿಸಿದಳು. "ಅದೂ ಅಲ್ದೆ, ನೀನು ಮುಟ್ಬಾರ್ದಲ್ಲಕ್ಕಾ. ಇಡ್ಲೇಬೇಕಂದ್ರೆ ಇಲ್ಲಿ ಕೊಡು, ನಾನಿಡ್ತೀನಿ."

"ನೀನ್ ಊರಿಗೆ ಹೋಗ್ಬುಟ್ರೆ?" ಎಂದೆ.

ಯಾವತ್ತಿನ ತಮಾಷೆಯ ದನಿಯಲ್ಲೇ ಅಂದೆ. ಪಾಪಾತಿಯ ಮುಖ ಬೆಳ್ಳಗಾಯಿತು. ಕತ್ತರಿ ಎತ್ತಿಕೊಂಡು ನೂಲು ಕತ್ತರಿಸಲು ಕೂತಳು. ಸಂಜೆಯೊಳಗೆ ಮುನ್ನೂರ ಹನ್ನೆರಡೂ ಮುಗಿದವು. ನನ್ನ ಉಗುರು ಹಳದಿಯಾಗಿತ್ತು. ಭಯವಾಗಲಿ ಸಮಾಧಾನವಾಗಲಿ ಏನೂ ಇರಲಿಲ್ಲ.

ಒಳಮಗ್ಗುಲಲ್ಲೇ ಇರುತ್ತದೆ ಅಂದುಕೊಂಡಿದ್ದೆ. ಹಸಿ ಅರಿಶಿನ ಬಟ್ಟೆಯೊಳಗೆ ಇಳಿದು ಹೊರಗೆ ಬಂತು. ಶನಿವಾರ ದೊರೆಯ ಕಡೆಯ ತಪಾಸಣೆಯವನು ಪೆಟ್ಟಿಗೆ ಬಿಚ್ಚಿ ಒಂದು ಚೀಲ ತೆಗೆದ. ಹಳದಿ ಚುಕ್ಕೆ. ಇನ್ನೊಂದು ತೆಗೆದ. ಅದೇ ಜಾಗದಲ್ಲಿ ಅದೇ ಚುಕ್ಕೆ. ಹತ್ತು ಬಿಚ್ಚಿ, ಸಹಿ ಹಾಕದೆ ಪೆನ್ನಿನ ಮುಚ್ಚಳ ಹಾಕಿಬಿಟ್ಟ. ಮಂಗಳವಾರ ಮದ್ರಾಸಿನಿಂದ ವಿಮಾನಕ್ಕೆ ಹೋಗಬೇಕಿದ್ದ ಸರಕು.

ಯಾರೋ ಗಾಬರಿಯಲ್ಲಿ ಮೂರು ಬನಿಯನ್‌ಗೆ ಸೋಪು ಉಜ್ಜಿದರು. ಚುಕ್ಕೆ ಕುಂಕುಮದಷ್ಟು ಕೆಂಪಾಯಿತು. ರಂಗಸಾಮಿ ಕೂಗಿದ್ದು ಕೊಯಮತ್ತೂರಿನ ಆಚೆ ಕುರಿಚಿಯ ಫೌಂಡ್ರಿಯವರೆಗೂ ಕೇಳಿರಬೇಕು.

"ಸೋಪ್ ಹಾಕ್ಬ್ಯಾಡಿ," ಎಂದು ನಾನೇ ಎದ್ದು ಹೇಳಿದೆ. "ಬರೀ ನೀರಲ್ಲಿ ಜಾಲ್ಸಿ ಬಿಸ್ಲಿಗೆ ಹಾಕಿ. ಅರಿಶಿನ ಬಿಸ್ಲಿಗೆ ನಿಲ್ಲಲ್ಲ."

ಶನಿವಾರ ಮಧ್ಯಾಹ್ನ, ಭಾನುವಾರ ಪೂರ್ತಿ ಮುನ್ನೂರ ಹನ್ನೆರಡು ಬನಿಯನ್ ತಾರಸಿಯ ಮೇಲೆ ಬಿದ್ದಿದ್ದವು. ನಾನೇ ಕೂತು ಒಂದೊಂದನ್ನೂ ಮಗುಚಿ ಹಾಕಿದೆ. ಹಳದಿ ತೆಳುವಾಯಿತು, ಆಮೇಲೆ ಇತ್ತೋ ಇಲ್ಲವೋ ಅನ್ನುವಂತಾಯಿತು, ಆಮೇಲೆ ಹೋಯಿತು. ನನ್ನ ಕಣ್ಣಿಗೂ ಕಾಣದಷ್ಟು ಹೋಯಿತು. ಕರೀ ಹದಿನಾಲ್ಕು ಮಾತ್ರ ಹಾಗೇ ಇತ್ತು.

ಸೋಮವಾರ ತಪಾಸಣೆಯವನು ಸರಕಿಗೆ ಸಹಿ ಹಾಕಿದ. ರಂಗಸಾಮಿ ನನ್ನನ್ನು ಒಳಗೆ ಕರೆದ. ನನಗೆ ಕೂರಲು ಹೇಳಿ ತಾನು ನಿಂತೇ ಇದ್ದ.

"ಆತಾ, ಪೂಜೆ ತಟ್ಟೆ ಕೈತಪ್ಪಿ ಬಿತ್ತು ಅಂತ ಒಂದ್ ಮಾತು ಹೇಳಿ. ಆ ತಪಾಸಣೆಯವ್ನಿಗೆ ನಾನ್ ಸಮಾಧಾನ ಹೇಳ್ಕೊತೀನಿ. ನಿಮ್ ಜಾಗ ನಿಮಗೇ."

ಸುಳ್ಳು ಹೇಳುವುದು ನನಗೇನು ಕಷ್ಟ? ನನ್ನ ಬಾಯಿಯಲ್ಲಿ ದಿನಕ್ಕೆ ನೂರು ಬರುತ್ತಿದ್ದವು. ಅವತ್ತು ಒಂದೂ ಬರಲಿಲ್ಲ.

"ಮುನ್ನೂರ ಹನ್ನೆರಡು ಸಾರಿ ಬಿತ್ತಾ ಮೊದಲಾಳಿ, ಒಂದೇ ಜಾಗ್ದಲ್ಲಿ? ನಾನೇ ಇಟ್ಟೆ."

"ಯಾಕೆ?"

"ಹೊಸ ಬಟ್ಟೆ. ಮೇಲೆ ಕರಿ ಬೇರೆ ಹಾಕಿದ್ರಿ. ಮೂಲೆ ಬರಿದಾಗಿತ್ತು."

ಅವನೂ ನಮ್ಮವನೇ. ಅವನ ಅಂಗಿಗೂ ಯಾರೋ ಅರಿಶಿನ ಇಟ್ಟೇ ಕೊಡುತ್ತಿದ್ದರು. ಆದರೂ ಮೇಜು ನೋಡುತ್ತಾ, "ನಾಳೆಯಿಂದ ಬರ್ಬೇಡಿ ಆತಾ," ಎಂದ.

"ಸರೀಂಗ," ಎಂದು ಎದ್ದು ಬಂದೆ. ಇಪ್ಪತ್ತೆರಡು ವರ್ಷ ಕೂತ ಜಾಗ. ಬಸ್ಸಿನಲ್ಲಿ ಪಾಪಾತಿ ಅತ್ತಳು. ನಾನು ಕಿಟಕಿಯಿಂದ ಕೋಳಿ ಫಾರಂಗಳನ್ನು ನೋಡುತ್ತಿದ್ದೆ.

ಆಮೇಲೆ ಮನೆಯಲ್ಲೇ ಕೂತು ಮಗ್ಗದವರಿಗೆ ನೂಲು ಸುತ್ತಿಕೊಡಲು ಹಿಡಿದೆ. ಅರಿಶಿನವನ್ನು ನಾನೇ ಬಿಸಿಲಿಗೆ ಹಾಕಿ ತೆಗೆದಿದ್ದೆ. ಅವರ ಮೈಮೇಲೆ ಈಗ ಏನೂ ಇರಲಿಲ್ಲ. ಶುಕ್ರವಾರ ಬಂದರೆ ಇವತ್ತು ಒಂದು ಆಟ, ಶನಿವಾರ ಬಂದರೆ ಇನ್ನೊಂದು ಎಂದು ಲೆಕ್ಕ ಹಾಕುತ್ತಿದ್ದೆ. ಪಾಪಾತಿ ಸಂಜೆ ಬಂದು, "ಗೆದ್ರಂತೆ ಅಕ್ಕಾ," ಎನ್ನುತ್ತಿದ್ದಳು. "ಬಿದ್ರಾ?" ಎಂದು ಕೇಳುತ್ತಿದ್ದೆ. "ಅದು ಬರ್ದಿಲ್ವಂತೆ," ಎನ್ನುತ್ತಿದ್ದಳು.

ಪಂಗುನಿ ಕಳೆದ ಮೇಲೆ ಒಂದು ಭಾನುವಾರ ಜಯರಾಮನ್ ಸೈಕಲ್ಲಿನಲ್ಲಿ ನಮ್ಮ ಮನೆಗೇ ಬಂದ. ಕಾಪಿ ಕೊಟ್ಟೆ.

"ಆಟ ಮುಗೀತು ಆತಾ. ಇಡೀ ದೇಸದಲ್ಲಿ ಕೊನೇ ನಾಲ್ಕು ಕಾಲೇಜಿನವರ್ಗೂ ಹೋಗಿದ್ರು. ಅಲ್ಲಿ ಸೋತ್ರು. ಮೂರೂ ಸಲ ಆಡಿ ಸಮ ಆಗಿ, ಮತ್ತೆ ಆಡ್ಸಿದ್ರಂತೆ. ಒಂದೇ ಒಂದು ಹೊಡ್ತದಲ್ಲಿ ಹೋಯ್ತು."

"ಸೋತ್ರೆ ಸೋಲ್ಲಿ. ಹುಡುಗ್ರು?"

"ಏನು ಹುಡುಗ್ರು?"

"ಇಪ್ಪತ್ತಾರೂ ಅವ್ರಾ ಅಂತ ಕೇಳ್ದೆ ಕಣೋ."

ಅವನು ಲೋಟ ಹಿಡಿದುಕೊಂಡು ನನ್ನನ್ನು ನೋಡಿದ. "ಅವ್ರೆ ಆತಾ. ಎಲ್ಲಾ ಊರೂರಿಗೆ ಹೋದ್ರಂತೆ. ಒಬ್ಬನಿಗೆ ಎರಡು ಹಲ್ಲು ಹೋಗಿದೆ."

"ಎರಡಾ? ನಂಗೆ ಹದಿನೇಳು ಹೋಗವೆ, ನಾನ್ ಯಾವ ಐಸ್ ಮೇಲೆ ಆಡಿದ್ದೆ?"

ಅವನು ನಕ್ಕ. ಎದೆಯೊಳಗೆ ಏನಾದರೂ ಅಲ್ಲಾಡುತ್ತದೆಯೇ ಎಂದು ನಾನು ಕಾದೆ. ಏನೂ ಅಲ್ಲಾಡಲಿಲ್ಲ. ರಾಟೆ ತಿರುಗಿಸಿದೆ.

"ಮೊದಲಾಳಿ ಕಳ್ಸವ್ರೆ," ಎಂದ ಜಯರಾಮನ್. "ಹೊಸ ಚೆಕಿಂಗ್ ಹೆಂಗಸು ತೂತನ್ನೆಲ್ಲ ಬಿಡ್ತಾಳೆ. ಮುಂದಿನ ವರ್ಸದ ಆರ್ಡರ್ ಈಗ್ಲೇ ಬಂದೈತೆ. ನೀವು ಬರ್ಬೇಕಂತೆ. ಒಂದೇ ಒಂದು ಮಾತು ಕೊಟ್ರೆ ಸಾಕಂತೆ, ಇನ್ನೊಂದ್ ಸಾರಿ ಅರಿಶಿನ ಮುಟ್ಟಲ್ಲ ಅಂತ."

"ಈ ಸಾರಿ ಎಷ್ಟು ಜನ?"

"ಇಪ್ಪತ್ತೆಂಟು."

"ಹೊಸಬ್ರಾ?"

"ಏಳು ಜನ ಹೊಸಬ್ರು. ಹದಿನೆಂಟು ವರ್ಸ, ಹತ್ತೊಂಬತ್ತು ವರ್ಸ."

ತುಂಡಾಗಿದ್ದ ಎಳೆಯನ್ನು ಗಂಟು ಹಾಕಿದೆ. ಆ ಟೇಬಲ್ಲು, ಆ ಬೆಳಕು, ಪಾಪಾತಿಯ ಪಕ್ಕದ ಸ್ಟೂಲು ಎಲ್ಲ ಕಣ್ಣ ಮುಂದೆ ಬಂತು.

"ಆ ಮಾತು ಕೊಡಕ್ಕಾಗಲ್ಲ ಸಾಮಿ," ಎಂದೆ. "ಕೊಟ್ರೆ ತಪ್ಪ್ತೀನಿ. ಬೇರೆ ಯಾರ್ನಾದ್ರೂ ನೋಡ್ಕೊಳ್ಳಕ್ಕೆ ಹೇಳು. ಕಣ್ಣು ಚೆನ್ನಾಗಿರೋರು ಇನ್ನೂ ಒಬ್ರೋ ಇಬ್ರೋ ಇರ್ತಾರೆ, ಹುಡುಕಿದ್ರೆ."

ಅವನು ಇನ್ನೊಂದು ಸಲ ಕೇಳಿದ. ನಾನು ಇನ್ನೊಂದು ಸಲ ಅದನ್ನೇ ಹೇಳಿದೆ. ಲೋಟ ಕೆಳಗಿಟ್ಟು, ಸೈಕಲ್ ತಿರುಗಿಸಿಕೊಂಡು ಅವನು ತಿರುಪ್ಪೂರಿನ ಕಡೆ ಹೊರಟ. ನಾನು ನೂಲು ಸುತ್ತಲು ಕೂತೆ.