ಬೈ ಅನ್ನದೆ ಇಟ್ಟ ಫೋನು

ಇಂಗ್ಲಿಷಿನವರಿಗೆ ಒಬ್ಬರನ್ನೊಬ್ಬರು ಮಾತಾಡಿಸಲು ಎಷ್ಟು ಮಾತುಗಳಿವೆಯೋ ದೇವರೇ ಬಲ್ಲ. ಹಾಯ್, ಹೇ, ಹಲೋ, ವಾಟ್ಸ್ ಅಪ್. ಯಾವುದನ್ನು ಯಾರಿಗೆ ಅನ್ನಬೇಕು, ಯಾವಾಗ ಅನ್ನಬಾರದು ಎಂಬುದು ನನ್ನ ತಲೆ ತಿನ್ನುತ್ತಿತ್ತು. ನಮ್ಮ ಕಡೆ ಇಷ್ಟು ರಗಳೆಯಿಲ್ಲ. "ಆರಾಮ ಇದ್ದೀರೇನ್ರಿ? ಊಟ ಆತೇನ್ರಿ?" ಅಂದರೆ ಸಾಹೇಬರಿಗೂ ನಡೆಯುತ್ತದೆ, ಕಾಯಿಪಲ್ಲೆ ಮಾರುವವಳಿಗೂ ನಡೆಯುತ್ತದೆ.

ನಾನು ದೇವಿಕಾ, ಭಂಕೂರದವಳು. ಶಹಾಬಾದಿನಲ್ಲಿ ಮಜೀದಸಾಬರ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಕಾರ್ಖಾನೆಯ ಆಫೀಸಿಗೆ ಹೊಸದಾಗಿ ಸೇರಿದ್ದೇನೆ. ಅವರ ಕಲ್ಲು ಇಂಗ್ಲೆಂಡಿಗೂ ಹೋಗುತ್ತದೆ. ಅಲ್ಲಿ ಕೊಳ್ಳುವವಳು ಮಾರ್ಗರೆಟ್ ಎಂಬ ವಯಸ್ಸಾದ ಹೆಂಗಸು. ಫೋನಿನಲ್ಲಿ ಅವಳೊಂದಿಗೆ ಮಾತಾಡುವುದೇ ನನ್ನ ಕೆಲಸ. "ಆಕಿಗಿ ನೀ ಹಿಡಿಸಿದಿ ಅಂದ್ರ ಖಾಯಂ ಮಾಡ್ತೀನಿ. ಇಲ್ಲಂದ್ರ ಬ್ಯಾರೆ ನೌಕ್ರಿ ನೋಡ್ಕೋ," ಎಂದು ಸಾಬರು ಮೊದಲ ದಿನವೇ ಹೇಳಿದ್ದರು. ಈ ನೌಕರಿ ನನಗೆ ಬೇಕೇ ಬೇಕಿತ್ತು.

ಮೊದಲ ಸಲ ಅವಳು "ಹೌ ಆರ್ ಯೂ?" ಅಂದಾಗ ನನ್ನ ನೆಗಡಿ, ಅವ್ವನ ಮೊಣಕಾಲು, ಎಮ್ಮೆ ಕರು ಹಾಕಿದ್ದು, ಎಲ್ಲವನ್ನೂ ಹೇಳಿದ್ದೆ. ಕೇಳಿದ ಮೇಲೆ ಹೇಳದೆ ಇರುವುದು ಹೇಗೆ? "ಫೈನ್" ಅಂದರೆ ಸಾಕು ಎಂದು ಆಮೇಲೆ ಮೊಬೈಲ್ ವಿಡಿಯೋ ನೋಡಿ ತಿಳಿದುಕೊಂಡೆ. ಉತ್ತರ ಬೇಡದ ಪ್ರಶ್ನೆ ಯಾತಕ್ಕೆ ಕೇಳುತ್ತಾರೆ ಎಂದು ಸಿಟ್ಟೂ ಬಂತು. ಸಲಿಗೆ ಬೆಳೆದ ಮೇಲೆ "ಹೇ, ವಾಟ್ಸ್ ಅಪ್?" ಅನ್ನಬಹುದು ಎಂದಿದ್ದಳು ಆ ವಿಡಿಯೋದ ಹುಡುಗಿ. ಹಾಗೆ ಅಂದರೆ ಏನಾಗುತ್ತದೋ ನೋಡುವ ಆಸೆ ನನಗೆ.

ಕಳೆದ ಸೋಮವಾರ ಅಂದೇಬಿಟ್ಟೆ. ಎದುರಿಗೆ ಕುಳಿತ ಸಾಬರೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಅಂದೆ.

"ಹೇ ಮಾರ್ಗರೆಟ್! ವಾಟ್ಸ್ ಅಪ್?"

ಆ ಕಡೆಯಿಂದ ಅವಳು ಮೆಲ್ಲಗೆ ಹೇಳಿದಳು. ಅವಳ ತಂಗಿ ತೀರಿಕೊಂಡಿದ್ದಳು. ಶನಿವಾರವೇ ಮಣ್ಣು ಮಾಡಿ ಬಂದಿದ್ದರು.

ನನ್ನ ನಾಲಿಗೆ ಕಿತ್ತು ಬಿಸಾಡಬೇಕು ಅನ್ನಿಸಿತು. "ಸಾರಿ" ಎಂದೆ. ಅದರ ಮುಂದಿನ ಮಾತು ಯಾವ ವಿಡಿಯೋದಲ್ಲೂ ಇರಲಿಲ್ಲ. ಊಟ ಮಾಡಿದಿರಾ ಎಂದು ಕೇಳಿದೆ. ಚಹಾ ಕುಡಿದೆ ಎಂದಳು. ಮುಂದಿನ ಲೋಡಿನ ಬಗ್ಗೆ ಎರಡು ಮಾತಾಡಿ "ಬೈ, ದೇವಿಕಾ" ಎಂದಳು. ನಾನು ಏನೂ ಅನ್ನದೆ ಫೋನಿಟ್ಟೆ.

ಅವಳ ತಂಗಿ ಸತ್ತ ಸುದ್ದಿ ಹೇಳಿದೊಡನೆ ಸಾಬರು ಕುರ್ಚಿ ಬಿಟ್ಟು ಎದ್ದರು. "ಏನವ್ವ ನೀ! ಹೆಣ್ಮಗಳು ದುಃಖದಾಗ ಅದಾಳ, ಒಂದು ಬೈ ಸುದ್ದಾ ಅನ್ಲಿಲ್ಲಲ್ಲ?"

"ಹ್ಯಾಂಗ ಅನ್ಲಿರಿ? ಸತ್ತವರ ಮನಿಂದ ಹೋಗಿ ಬರ್ತೀನಿ ಅಂದು ಯಾರರೆ ಹೊಂಡ್ತಾರೇನ್ರಿ? ಸುಮ್ಮ ಎದ್ದು ಬರ್ತಾರ."

"ಅದು ನಿನಗ ಗೊತ್ತು, ನನಗ ಗೊತ್ತು. ಆಕಿಗೇನು ಗೊತ್ತು? ಮಾರಿ ಮ್ಯಾಲ ಬಾಗಲಾ ಹಾಕ್ದಂಗ ಆತು!"

ಅವರು ಹೇಳಿದ್ದು ಖರೆಯೇ. ನೌಕರಿ ಹೋಯಿತು ಅಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಆ ಮುದುಕಿ ನನ್ನನ್ನು ಏನೆಂದು ತಿಳಿದಳೋ ಎಂಬ ಚಿಂತೆ ಹತ್ತಿತು.

ಸ್ವಲ್ಪ ಹೊತ್ತಿಗೆ ಅವಳದೇ ಫೋನ್ ಬಂತು, ನನಗಲ್ಲ, ಸಾಬರಿಗೆ. ಅವರು ಸ್ಪೀಕರ್ ಒತ್ತಿದರು.

"ದೇವಿಕಾಗೆ ಕೊಡಿ. ಲೈನ್ ಕಟ್ಟಾಯಿತೇನೋ, ಅವಳು ಬೈ ಅನ್ನಲಿಲ್ಲ," ಎಂದಳು ಮಾರ್ಗರೆಟ್.

ಕಟ್ಟಾಗಿದ್ದಲ್ಲ, ನಾನೇ ಇಟ್ಟೆ ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮಲ್ಲಿ ಹೊರಡುವಾಗ ಮತ್ತೆ ಬರುತ್ತೇನೆ ಅನ್ನುತ್ತೇವೆ. ಇಂಥ ಕಾರಣಕ್ಕೆ ನಿಮ್ಮ ಮನೆಗೆ ಯಾರೂ ಮತ್ತೆ ಬರುವಂತಾಗದಿರಲಿ ಎಂದು ಸುಮ್ಮನಾದೆ ಎಂದೆ. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ: "ನಿಮ್ಮಲ್ಲಿ ಇಂಥ ಹೊತ್ತಿನಲ್ಲಿ ಏನನ್ನುತ್ತಾರೆ? ಹೇಳಿಕೊಡಿ, ಕಲಿಯುತ್ತೇನೆ."

"ನಮಗೂ ಗೊತ್ತಿಲ್ಲ ಕಣಮ್ಮ," ಎಂದಳು. "ಏನನ್ನಬೇಕೋ ತಿಳಿಯದೆ ಪಕ್ಕದ ಮನೆಯವರು ನನ್ನನ್ನು ಕಂಡರೆ ರಸ್ತೆ ದಾಟಿ ಆ ಬದಿಗೆ ಹೋಗುತ್ತಾರೆ."

ತಂಗಿಯ ಹೆಸರೇನು ಎಂದು ಕೇಳಿದೆ.

"ರೋಸಿ," ಎಂದಳು. ಅಷ್ಟಂದು ಗಳಗಳನೆ ಅಳತೊಡಗಿದಳು.

ಮಜೀದಸಾಬರು ತಮ್ಮ ಕುರ್ಚಿಯನ್ನು ನನ್ನ ಕಡೆ ನೂಕಿ ಪಿಸುಗುಟ್ಟಿದರು. "ಕುಂದ್ರವ್ವ. ಆಕಿ ಅಳಾಕತ್ಯಾಳ, ಫೋನ್ ಇಡಬ್ಯಾಡ. ನೌಕ್ರಿ ಖಾಯಂ ಆತು ಅಂತ ತಿಳ್ಕೋ."