ಸಭೆಯಲ್ಲಿ ಹೇಳುವ ಹುಡುಗಿ

ಮಕ್ಕಳ ಮಾನಸಿಕ ಆರೋಗ್ಯದ ಈ ಸರ್ಕಾರಿ ನೀತಿಯನ್ನು ಲಾಸ್ತೇನಿಯಾ ಬರೆಯುತ್ತಿರುವುದು ಎಷ್ಟನೆಯ ಸಲವೋ ಅವಳಿಗೇ ಮರೆತುಹೋಗಿತ್ತು. ಪ್ರಾಂತ್ಯದ ಮಕ್ಕಳ ಕಚೇರಿಗೆ ಹೊಸ ನಿರ್ದೇಶಕ ಬಂದಾಗಲೆಲ್ಲ ಹಳೆಯ ಕರಡು ಕಪಾಟು ಸೇರುತ್ತಿತ್ತು. ಮಕ್ಕಳ ಮನಸ್ಸಿಗೂ ಕಾಯಿಲೆ ಬರುತ್ತದೆ ಎಂಬುದನ್ನು ತಾನೇ ಕಂಡುಹಿಡಿದವನಂತೆ ಅವನು ಹೊಸದೊಂದನ್ನು ಶುರುಮಾಡಿಸುತ್ತಿದ್ದ. ಆಮೇಲೆ ಊರೂರಿನಲ್ಲಿ ಅಭಿಪ್ರಾಯ ಕೇಳುವ ಸಭೆ, ಸಭೆಯ ಕೊನೆಗೆ ಹುರಿದ ಹಂದಿಮಾಂಸ, ಬೇಯಿಸಿದ ಜೋಳ. ಜನ ಉಂಡು ಹೋಗುತ್ತಿದ್ದರು. ಡಾಕ್ಟರು ಮಾತ್ರ ಬರುತ್ತಿರಲಿಲ್ಲ. ಮಗುವಿನ ಮನಸ್ಸು ಕೆಟ್ಟರೆ ಈಗಲೂ ರಾಜಧಾನಿ ಕ್ವಿಟೊದ ಬಸ್ಸೇ ಗತಿ. ಬಸ್ಸಿನ ದುಡ್ಡಿಲ್ಲದವರಿಗೆ ಮೇರಿ ಮಾತೆಯೇ ಗತಿ.

ಎಲ್ಲ ಸಭೆಗಳಲ್ಲೂ ನೂಬೆ ಮಾತಾಡುತ್ತಿದ್ದಳು. ಬೆಟ್ಟದ ಮೇಲಿನ ರೂಮಿಪಂಪಾ ಹಳ್ಳಿಯ ಹುಡುಗಿ. ಅವಳು ಚಿಕ್ಕವಳಿದ್ದಾಗ ತಾಯಿ ಕಳ್ಳದಾರಿಯಲ್ಲಿ ಗಡಿ ದಾಟಿ ನ್ಯೂಯಾರ್ಕಿಗೆ ಹೋದಳು. ಬಹಳ ದಿನ ಸುದ್ದಿಯೇ ಇರಲಿಲ್ಲ. ಕೊನೆಗೊಂದು ದಿನ ಫೋನು ಬಂತು. "ನೂಬೆ, ನೂಬೆ" ಎಂದು ತಾಯಿ ಕರೆದಳು. ಮಗುವಿಗೆ ದನಿಯೇ ಏಳಲಿಲ್ಲ. ಆಮೇಲೆ ಎಷ್ಟೋ ಕಾಲ ಅದು ಯಾರೊಂದಿಗೂ ಮಾತಾಡಲಿಲ್ಲ. ಇದನ್ನು ಕೇಳಿ ಅಳದವರನ್ನು ಲಾಸ್ತೇನಿಯಾ ನೋಡಿರಲಿಲ್ಲ. ಮೊದಮೊದಲು ಅವಳೂ ಅಳುತ್ತಿದ್ದಳು.

ಈಗ ನೂಬೆಗೆ ಹದಿನೈದು ತುಂಬಿತ್ತು, ಪ್ರಾಂತ್ಯದ ಪರಿಷತ್ತಿನ ಸದಸ್ಯರು ನೀತಿಗೆ ಮತ ಹಾಕುವ ದಿನ ಬಂದಿತ್ತು.

"ಆ ಹುಡುಗೀನ ಕರ್ಕೊಂಡ್ಬಾ ಮಾರಾಯ್ತಿ," ಎಂದಿದ್ದ ನಿರ್ದೇಶಕ ಫೌಸ್ತೊ. "ಇಬ್ರು ಸದಸ್ಯರು ಅತ್ತ ಇತ್ತ ಅಂತಿದಾರೆ. ಫೋನಿನ ಕತೆ ಕೇಳಿದ್ರೆ ಕಲ್ಲೂ ಕರಗುತ್ತೆ, ಇವ್ರ ಕೈ ಏಳಲ್ವಾ?"

ಬೆಳಿಗ್ಗೆ ಕಚೇರಿಯ ಜೀಪಿನಲ್ಲಿ ಲಾಸ್ತೇನಿಯಾ ಬೆಟ್ಟ ಹತ್ತಿದಳು. ನೂಬೆ ಒಳಗೆ ಜಡೆ ಹಾಕಿಕೊಳ್ಳುತ್ತಿದ್ದಳು. ಅವಳ ಅಜ್ಜಿ ತ್ರಾನ್ಸಿತೊ ಎಂದಿನಂತೆ ಬಟ್ಟೆಯಲ್ಲಿ ಸುತ್ತಿದ ಬಿಸಿ ಗಂಟೊಂದನ್ನು ತಂದು ಕೈಗಿಟ್ಟಳು. ಒಲೆಯ ಬದಿಯಲ್ಲಿ ಸಾಕಿದ ಗಿನಿಯಿಲಿಯನ್ನು ಇಡಿಯಾಗಿ ಹುರಿದು, ಆಲೂಗಡ್ಡೆ ಜೊತೆ ಕಟ್ಟಿದ್ದಳು. ಕೊಟ್ಟವಳು ಒಳಗೆ ಹೋಗಲಿಲ್ಲ.

"ತಪ್ಪು ತಿಳೀಬೇಡಿ ಅಮ್ಮಾ, ಒಂದು ಮಾತು. ಈ ಔಷಧ ಸ್ವಲ್ಪ ಜೋರಾಯ್ತೇನೋ. ಪ್ರತಿ ಸಲ ನಿಮ್ ಹತ್ರ ಹೋಗಿ ಬಂದ್ಮೇಲೆ ಹುಡುಗಿ ವಾರಗಟ್ಲೆ ಬಾಯಿ ಬಿಡಲ್ಲ. ಕೋಳೀನ ಬಾ ಅಂತಾನೂ ಕರೆಯಲ್ಲ."

"ಯಾವ ಔಷಧ ಅಜ್ಜಿ?"

"ಅದೇ, ನೀವ್ ಕೊಡೋ ಚಿಕಿತ್ಸೆ. ಅಷ್ಟೊಂದು ಡಾಕ್ಟ್ರುಗಳು ಸುತ್ತ ಕೂತು ಕೇಳ್ತಾರಂತಲ್ಲ. ಬರ್ಕೊಳ್ತಾರಂತಲ್ಲ."

ಆ ಬೆಟ್ಟದಲ್ಲಿ ಕಾಯಿಲೆ ವಾಸಿ ಮಾಡುವವರ ಮನೆಗೆ ಬರಿಗೈಯಲ್ಲಿ ಹೋಗುವ ಪದ್ಧತಿಯಿಲ್ಲ. ಇಷ್ಟು ವರ್ಷ ಅಜ್ಜಿ ಕೊಟ್ಟದ್ದನ್ನು ಕಚೇರಿಯವರೆಲ್ಲ ಹಂಚಿಕೊಂಡು ತಿಂದು, ಬೆಟ್ಟದ ಜನ ಎಷ್ಟು ಧಾರಾಳಿಗಳು ಎಂದು ಬಾಯಿ ಚಪ್ಪರಿಸಿದ್ದರು. ಲಾಸ್ತೇನಿಯಾಗೆ ಭೂಮಿಗೆ ಇಳಿದುಹೋದಂತಾಯಿತು. ಗಂಟನ್ನು ಜೀಪಿನ ಹಿಂದಿನ ಸೀಟಿನಲ್ಲಿಟ್ಟಳು. ನೂಬೆ ಬಂದು ಜೀಪು ಹತ್ತಿದಳು.

ಊರು ದಾಟಿದ ಮೇಲೆ ಲಾಸ್ತೇನಿಯಾ ಬಾಯಿ ತೆರೆದಳು. "ಅಜ್ಜಿ ಏನೋ ಅಂದ್ಕೊಂಡಿದಾರೆ ಕಣೇ."

"ಗೊತ್ತು. ಮೊದ್ಲು ನಾನೂ ಹಂಗೇ ಅಂದ್ಕೊಂಡಿದ್ದೆ. ಎರಡ್ನೇ ಸಭೇಲಿ ಗೊತ್ತಾಯ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಅಷ್ಟ್ರಲ್ಲಿ ಅಜ್ಜಿ ಅಮ್ಮಂಗೆ ಹೇಳ್ಬಿಟ್ಟಿದ್ಲು, ನೂಬೆನ ದೊಡ್ಡ ಡಾಕ್ಟ್ರು ನೋಡ್ತಿದಾರೆ ಅಂತ. ಆವತ್ತಿಂದ ಅಮ್ಮ ಫೋನಲ್ಲಿ ಅಳೋದು ಬಿಟ್ಲು. ನೀವೂ ಹೇಳ್ಬೇಡಿ."

ಲಾಸ್ತೇನಿಯಾ ಜೀಪು ನಿಲ್ಲಿಸಿದಳು. "ಬೇಡ ಬಾ, ಮನೆಗೆ ಬಿಡ್ತೀನಿ."

"ಇದು ಪಾಸಾದ್ರೆ ನಿಜವಾದ ಡಾಕ್ಟ್ರು ಬರ್ತಾರೆ ತಾನೆ?"

"ಬರ್ತಾರೆ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ?"

ಲಾಸ್ತೇನಿಯಾ ಮತ್ತೆ ಜೀಪು ಶುರುಮಾಡಿದಳು. ಜೀಪನ್ನು ಹಿಂದಕ್ಕೆ ತಿರುಗಿಸಬಹುದಿತ್ತು, ಅವಳು ತಿರುಗಿಸಲಿಲ್ಲ. ದಣಿದವರು ಇಳಿಜಾರು ಇದ್ದ ಕಡೆಗೇ ಹೋಗುತ್ತಾರೆ, ಪಟ್ಟಣವಿದ್ದದ್ದು ಕೆಳಗೆ.

ಮಧ್ಯಾಹ್ನ ನೂಬೆ ಸದಸ್ಯರ ಮುಂದೆ ನಿಂತು ಹೇಳಿದಳು. ದನಿ ಏಳಲಿಲ್ಲ ಎನ್ನುವಲ್ಲಿ ಸ್ವಲ್ಪ ನಿಲ್ಲಿಸಿದಳು. ಎಲ್ಲಿ ನಿಲ್ಲಿಸಿದರೆ ಜನ ಕರವಸ್ತ್ರ ತೆಗೆಯುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅಷ್ಟು ಸಲ ಹೇಳಿಸಿದವರು ಕಚೇರಿಯವರೇ. ಕರವಸ್ತ್ರಗಳು ಹೊರಬಂದವು, ಕೈಗಳೂ ಎದ್ದವು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡನಲ್ಲ. ಹಣಕಾಸು ನೋಡುವ ಸದಸ್ಯ ಕಣ್ಣೊರೆಸಿಕೊಳ್ಳುತ್ತಲೇ ಒಂದು ಮಾತು ಸೇರಿಸಿದ. ಡಾಕ್ಟರ ನೇಮಕ 'ಹಣದ ಅನುಕೂಲ ನೋಡಿಕೊಂಡು' ಆಗಲಿ ಎಂದ. ಅದಕ್ಕೂ ಕೈಗಳು ಎದ್ದವು. ಫೋಟೊ ತೆಗೆದರು.

"ಗೆದ್ವಿ," ಎಂದ ಫೌಸ್ತೊ. "ಇನ್ನು ಊರೂರಿಗೂ ಹೋಗಿ ನೀತಿ ಬಗ್ಗೆ ಜನರಿಗೆ ತಿಳಿಸ್ಬೇಕು. ಹುಡುಗಿ ಜೊತೇಗಿರ್ಲಿ."

"ಅವಳು ಬರಲ್ಲ."

"ಯಾಕೆ? ಎಷ್ಟು ಚೆನ್ನಾಗಿ ಹೇಳ್ತಾಳೆ."

"ಅದಕ್ಕೇ," ಎಂದು ಲಾಸ್ತೇನಿಯಾ ಹುಡುಗಿಯ ಕೈ ಹಿಡಿದು ಹೊರಟಳು. ಇಷ್ಟು ವರ್ಷದಲ್ಲಿ ಅವಳು ಯಾವ ಸಾಹೇಬನಿಗೂ ಎದುರಾಡಿರಲಿಲ್ಲ. ಆಡಿದ ಮೇಲೆ ಹಗುರವೇನೂ ಆಗಲಿಲ್ಲ.

ದಾರಿಯಲ್ಲಿ ಹಸಿವಾ ಎಂದು ಕೇಳಿದಳು, ಚಳಿಯಾ ಎಂದು ಕೇಳಿದಳು. ನೂಬೆ ಮಾತಾಡಲಿಲ್ಲ. ಅಜ್ಜಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಮನೆ ಸೇರುವಾಗ ಇನ್ನೂ ಬೆಳಕಿತ್ತು. ಅಜ್ಜಿ ಬಾಗಿಲಲ್ಲೇ ನಿಂತು ನ್ಯೂಯಾರ್ಕಿನಲ್ಲಿದ್ದ ಮಗಳೊಂದಿಗೆ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದಳು.

"ಬಂದ್ರು ಕಣೆ, ಬಂದ್ರು," ಎಂದು ಲಾಸ್ತೇನಿಯಾಳತ್ತ ತಿರುಗಿದಳು. "ಅಮ್ಮಾ, ಮುಂದಿನ್ ಸಲ ಯಾವಾಗ?"

"ಇನ್ನು ಕರ್ಕೊಂಡೋಗಲ್ಲ ಅಜ್ಜಿ. ಇವತ್ತಿಗೆ ಮುಗೀತು."

ಮುದುಕಿಯ ಮುಖ ಅರಳಿತು. "ಹಂಗಾದ್ರೆ ವಾಸಿ ಆಯ್ತು ಅನ್ನಿ. ಕೇಳಿಸ್ತಾ ಮಗಳೆ, ವಾಸಿ ಆಯ್ತಂತೆ. ತಗೊಳಿ ಅಮ್ಮಾ, ನೀವೇ ಹೇಳಿ ಅವಳಿಗೆ." ಫೋನು ಲಾಸ್ತೇನಿಯಾಳ ಕೈಗೆ ಬಂತು.

ಆ ಕಡೆ ಯಾವುದೋ ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು. "ಡಾಕ್ಟ್ರೇ," ಎಂದಿತು ಹೆಣ್ಣುದನಿ. "ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ."

ನೂಬೆ ಬೇಡವೆಂದು ತಲೆಯಾಡಿಸಿದಳು. ಲಾಸ್ತೇನಿಯಾ ಅದನ್ನು ನೋಡಿದಳು. ಚೆಂದದ ವಾಕ್ಯಗಳನ್ನು ಹೆಣೆಯುವುದೇ ಅವಳ ಉದ್ಯೋಗ. ಹೌದಮ್ಮ, ವಾಸಿಯಾಗಿದೆ ಎನ್ನುವುದು ಎಷ್ಟು ಹೊತ್ತಿನ ಕೆಲಸ? ಆದರೆ ಇನ್ನೊಂದೇ ಒಂದು ಸುಳ್ಳನ್ನು ಎತ್ತಿ ಕೊಡುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

"ನಾನು ಡಾಕ್ಟ್ರಲ್ಲಮ್ಮ, ಸರ್ಕಾರಿ ಕಚೇರಿಯವಳು. ನಿಮ್ಮ ಮಗಳನ್ನ ಇದುವರೆಗೆ ಒಬ್ಬ ಡಾಕ್ಟ್ರೂ ನೋಡಿಲ್ಲ."

ಪಾತ್ರೆಗಳ ಸದ್ದು ನಿಂತಿತು. ಅಜ್ಜಿ ಹೊಸ್ತಿಲ ಮೇಲೆ ಕೂತಳು.

"ಮತ್ತೆ ಇಷ್ಟು ವರ್ಷ," ಎಂದಳು ತಾಯಿ, "ನನ್ ಮಗು ಅದನ್ನೆಲ್ಲ ಯಾರಿಗೆ ಹೇಳ್ತಿತ್ತು?"

"ಸಭೆಗೆ," ಎಂದಳು ಲಾಸ್ತೇನಿಯಾ.